ಮಗುವಿನ ಎತ್ತರದ ದನ

(ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ಶಾಲೆಯೊಂದರ ರಕ್ಷಕರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)

ಎಲ್ಲರಿಗೂ ನಮಸ್ಕಾರ.

ಟೀಚರು ಫೋನ್ ಮಾಡಿ, "ಮಕ್ಕಳು ಮತ್ತು ಸಾಕುಪ್ರಾಣಿಗಳು ಅಂತ ಒಂದು ಅರ್ಧ ಗಂಟೆ ಮಾತಾಡಬೇಕು" ಅಂದಾಗ ನಾನು ಮೊದಲು ಕೇಳಿದ್ದು "ಎಷ್ಟು ಹೊತ್ತಿಗೆ?" ಅಂತ. ಮೂರು ಗಂಟೆಗೆ ಅಂದರು. ಹಾಗಾದರೆ ಅಡ್ಡಿಯಿಲ್ಲ, ಐದಕ್ಕೆ ನಾನು ದನದ ಹಟ್ಟಿಯಲ್ಲಿದ್ದರೆ ಸಾಕು ಅಂದೆ. ಅವರು ನಕ್ಕರು. ನಾನು ತಮಾಷೆಗೆ ಹೇಳಿದ್ದಲ್ಲ.

ನಮ್ಮದು ಪೆರ್ಲದಿಂದ ಒಳಗೆ. ಎರಡು ಎಕ್ರೆ ಜಾಗ. ಅಡಿಕೆ, ಒಂದಷ್ಟು ತೆಂಗು, ಮರಕ್ಕೆ ಹಬ್ಬಿಸಿದ ಕಾಳುಮೆಣಸು. ನೀರು ಗುಡ್ಡೆಯ ಸುರಂಗದ್ದು. ಮಾವನ ಅಪ್ಪನ ಕಾಲದಲ್ಲಿ ಮುರಕಲ್ಲು ಕೊರೆದು ಮಾಡಿದ ಸುರಂಗ, ಏಪ್ರಿಲಿನಲ್ಲೂ ಬೆರಳು ಗಾತ್ರದಲ್ಲಿ ಹರಿಯುತ್ತದೆ. ಮನೆಯಲ್ಲಿ ಅತ್ತೆ, ಮಾವ, ನಾವಿಬ್ಬರು, ಐದೂವರೆ ವರ್ಷದ ಮಗಳು. ಹಟ್ಟಿಯಲ್ಲಿ ಎರಡು ಗಿಡ್ಡ ದನ, ಅಂದರೆ ಕಾಸರಗೋಡಿನ ನಾಟಿ ಕುಳ್ಳ ತಳಿ, ಒಂದು ಕರು. ಅತ್ತೆಯ ಕೋಳಿಗಳು. ಒಂದು ನಾಯಿ. ಬೆಕ್ಕುಗಳ ಲೆಕ್ಕ ನಾನು ಕೊಡಲಾರೆ, ಅದು ವಾರಕ್ಕೊಮ್ಮೆ ಬದಲಾಗುತ್ತದೆ.

ನಾನು ಎರಡು ನಮೂನೆಯ ಮಾತು ಕೇಳುತ್ತೇನೆ. ಒಂದು ನಮ್ಮ ಊರಿನದ್ದೇ: "ಮಗುವನ್ನು ಹಟ್ಟಿಗೆ ಯಾಕೆ ಬಿಡುತ್ತೀರಿ, ನಾತ, ಉಣ್ಣಿ, ಸೆಗಣಿ. ಓದಲಿ, ಬರೆಯಲಿ." ಇನ್ನೊಂದು ರಜೆಗೆ ಬೆಂಗಳೂರಿನಿಂದ ಬರುವ ನೆಂಟರದ್ದು: "ನಿಮ್ಮ ಮಗಳು ಎಷ್ಟು ಪುಣ್ಯವಂತೆ, ಪ್ರಾಣಿಗಳ ಜೊತೆ ಬೆಳೀತಾಳೆ." ಹೀಗೆ ಹೇಳಿ ಕರುವಿನ ಜೊತೆ ಫೋಟೋ ತೆಗೆದುಕೊಂಡು, ಸೆಗಣಿ ಮೆಟ್ಟಿದ ಚಪ್ಪಲಿಯನ್ನು ಅಂಗಳದ ನಳ್ಳಿಯಲ್ಲಿ ಹತ್ತು ನಿಮಿಷ ತೊಳೆಯುತ್ತಾರೆ. ಈ ಎರಡು ಕಡೆಯವರೂ ಒಂದು ಪ್ರಶ್ನೆ ಕೇಳುವುದಿಲ್ಲ. ದನ ಎಷ್ಟು ದೊಡ್ಡದು?

ಇದು ನಾನು ಪೆಟ್ಟು ತಿಂದು ಕಲಿತ ಪ್ರಶ್ನೆ. ಸರಿಯಾಗಿ ಹೇಳುವುದಾದರೆ ಪೆಟ್ಟು ತಿಂದದ್ದು ಮಗಳು.

ನಾನು ಮದುವೆಯಾಗಿ ಬಂದಾಗ ಹಟ್ಟಿಯಲ್ಲಿ ಒಂದು ಜರ್ಸಿ ಕ್ರಾಸ್ ಇತ್ತು. ಬೆಳಿಗ್ಗೆ ಐದು ಲೀಟರು, ಸಂಜೆ ನಾಲ್ಕು. ಸೊಸೈಟಿಗೆ ಹಾಲು, ತಿಂಗಳಿಗೆ ದುಡ್ಡು. ಒಳ್ಳೆಯ ಸ್ವಭಾವದ ದನವೇ. ಮಗಳಿಗೆ ಎರಡು ವರ್ಷ ತುಂಬಿದ ಸಮಯ, ನಾನು ಹಿಂಡಿ ಕಲಸುತ್ತಿದ್ದಾಗ ಅವಳು ನನ್ನ ಹಿಂದೆಯೇ ಒಳಗೆ ಬಂದದ್ದು ನನಗೆ ಗೊತ್ತಾಗಲಿಲ್ಲ. ದನ ಹಾಯಲಿಲ್ಲ, ಒದೆಯಲಿಲ್ಲ. ಹೆಗಲ ಮೇಲೆ ನೊಣ ಕೂತಿತು, ಅದನ್ನು ಓಡಿಸಲು ತಲೆ ತಿರುಗಿಸಿತು, ಅಷ್ಟೆ. ಮುನ್ನೂರು ಕಿಲೋ ಮೀರಿದ ದನದ ತಲೆ ತಿರುಗಿದ ಜಾಗದಲ್ಲಿ ಹನ್ನೊಂದು ಕಿಲೋದ ಮಗು ಇತ್ತು. ಹಟ್ಟಿಯ ಕಲ್ಲಿನ ಮೇಲೆ ಬಿದ್ದಳು. ಕೊರಳೆಲುಬು ಮುರಿಯಿತು. ಮೂರು ವಾರ ಪಟ್ಟಿ ಕಟ್ಟಿ ಕೂರಿಸಿದ್ದೆವು.

ಮರುದಿನವೇ ಹಟ್ಟಿಯ ಬಾಗಿಲಿಗೆ ಮೇಲಿನ ಕೊಂಡಿ ಬಂತು. ಆಮೇಲೆ ಒಂದು ವರ್ಷ ಅವಳು ಹಟ್ಟಿಯನ್ನು ನೋಡಿದ್ದು ಸರಳಿನ ಸಂದಿಯಿಂದ. ಆ ದನಕ್ಕೆ ನಮ್ಮಲ್ಲಿ ಹೆಸರೇ ಇರಲಿಲ್ಲ, "ಜರ್ಸಿ" ಅಂತಲೇ. ಮಾರುವಾಗ ಅದು ನನಗೆ ಹೊಳೆಯಿತು.

ಮಾವನೇ ಹೇಳಿದ್ದು, "ಗಿಡ್ಡ ತರುವ" ಅಂತ. ಅವರ ಬಾಲ್ಯದಲ್ಲಿ ಈ ಊರಲ್ಲಿ ಇದ್ದದ್ದೆಲ್ಲ ಅದೇ. ಬೆಳಿಗ್ಗೆ ಗುಡ್ಡೆಗೆ ಬಿಟ್ಟರೆ ಸಂಜೆ ತಾನಾಗಿ ಬರುವ ದನ. ಹೆಚ್ಚಿನವು ಮೂರು ಅಡಿ ಆಸುಪಾಸಿನ ಎತ್ತರ, ದಿನಕ್ಕೆ ಒಂದೆರಡು ಲೀಟರು ಹಾಲು. ಮುಳ್ಳು, ಸೊಪ್ಪು, ಬೈಹುಲ್ಲು, ತೋಟದಲ್ಲಿ ಬಿದ್ದ ಹಸಿ ಅಡಿಕೆ ಹಾಳೆ ಕೊಚ್ಚಿ ಹಾಕಿದರೂ ತಿನ್ನುತ್ತದೆ. ಬಿಸಿಲಿಗೆ ಏದುಸಿರು ಬಿಡುವುದಿಲ್ಲ.

ಇಂಥದ್ದು ಯಾಕೆ ಮಾಯವಾಯಿತು ಅಂದರೆ ಅದು ತಾನಾಗಿ ಆದದ್ದಲ್ಲ. ಕಾಸರಗೋಡು 1956ರಲ್ಲಿ ಕೇರಳಕ್ಕೆ ಸೇರಿತು. 1961ರಲ್ಲಿ ಕೇರಳದ ಜಾನುವಾರು ಸುಧಾರಣಾ ಕಾನೂನು ಬಂತು. ಲೈಸೆನ್ಸ್ ಇಲ್ಲದೆ ಹೋರಿ ಇಟ್ಟುಕೊಳ್ಳುವ ಹಾಗಿಲ್ಲ, ನಾಟಿ ಹೋರಿಗಳ ಬೀಜ ಒಡೆಸಬೇಕು ಅಂತ ಆಯಿತು. 1963ರಲ್ಲಿ ಇಡುಕ್ಕಿಯ ಮಾಟುಪೆಟ್ಟಿಯಲ್ಲಿ ಸ್ವಿಸ್ ಸರಕಾರದ ಸಹಕಾರದ ಯೋಜನೆ ಶುರುವಾಗಿ ಬ್ರೌನ್ ಸ್ವಿಸ್ ಹೋರಿಯ ಮಿಶ್ರತಳಿ ಬಂತು, ಮುಂದೆ ಅದಕ್ಕೆ ಸುನಂದಿನಿ ಅಂತ ಹೆಸರಾಯಿತು. ಹಾಲು ಹೆಚ್ಚಾಯಿತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಹಾಲು ಮಾರಿ ಮಕ್ಕಳನ್ನು ಓದಿಸಿದ ಅಕ್ಕಂದಿರು ಈ ಸಭೆಯಲ್ಲೇ ಇದ್ದೀರಿ. ಆದರೆ ಆ ಲೆಕ್ಕದಲ್ಲಿ ಮಗುವಿಗೆ ಜಾಗ ಇರಲಿಲ್ಲ. ಈಗ ಸರಕಾರದ ಪಶುಸಂಗೋಪನಾ ಇಲಾಖೆಯವರು ಇಲ್ಲೇ ಬದಿಯಡ್ಕ ಪಂಚಾಯತಿನ ಬೇಳದಲ್ಲಿ ಗಿಡ್ಡ ತಳಿ ಉಳಿಸಲಿಕ್ಕೆ ಸಾಕಣೆ ಕೇಂದ್ರ ನಡೆಸುತ್ತಿದ್ದಾರೆ. ಒಡೆಸಿದವರೂ ಸರಕಾರ, ಹುಡುಕಿ ತಂದವರೂ ಸರಕಾರ. ಇರಲಿ.

ನಮ್ಮ ಮೊದಲ ಗಿಡ್ಡ ದನ ಬೊಳ್ಳಿ ಬಂದಾಗ ಮಗಳಿಗೆ ಮೂರು ವರ್ಷ. ಮಾವ ಹಟ್ಟಿಯ ಕಂಬದ ಹತ್ತಿರ ದನವನ್ನು ನಿಲ್ಲಿಸಿ ಹೆಗಲ ಮಟ್ಟಕ್ಕೆ ಸುಣ್ಣದಲ್ಲಿ ಒಂದು ಗೆರೆ ಎಳೆದರು. ಆಮೇಲೆ ಮಗಳನ್ನು ನಿಲ್ಲಿಸಿ ಗೆರೆ ಎಳೆದರು. ಒಂದೇ ಗೆರೆ! ಒಂದರ ಮೇಲೆ ಒಂದು ಬಿತ್ತು. ಅವತ್ತಿನಿಂದ ಅವಳಿಗೆ ಬೊಳ್ಳಿ ಅಂದರೆ ತನ್ನ ಪ್ರಾಯದವಳು.

ಕಣ್ಣಿಗೆ ಕಣ್ಣು ಸಮ ಬರುವ ಪ್ರಾಣಿಯ ಹತ್ತಿರ ಮಗುವಿಗೆ ಹೆದರಿಕೆಯೂ ಇಲ್ಲ, ಹುಚ್ಚು ಧೈರ್ಯವೂ ಇಲ್ಲ. ಗಿಡ್ಡವೂ ಒದೆಯುತ್ತದೆ. ಒದೆದರೆ ನೀಲಿಗಟ್ಟುತ್ತದೆ, ಎಲುಬು ಮುರಿಯುವುದು ಕಡಿಮೆ. ಮಗಳಿಗೆ ಮೂರು ಕೆಲಸ ಕೊಟ್ಟಿದ್ದೇವೆ. ಅಕ್ಕಿ ತೊಳೆದ ನೀರು, ಗಂಜಿ ತಿಳಿ ಸೇರಿದ ಅಕ್ಕಚ್ಚನ್ನು ಸಣ್ಣ ಬಾಲ್ದಿಯಲ್ಲಿ ಒಯ್ಯುವುದು. ಕರುವಿನ ಕಿವಿ ಮಡಚಿ ಉಣ್ಣಿ ಇದೆಯಾ ನೋಡುವುದು. ಸಂಜೆ ಕೋಳಿ ಗೂಡಿನೊಳಗೆ ಎಷ್ಟು ಕೋಳಿ ಅಂತ ಎಣಿಸುವುದು. ಮೂರನೆಯದರಿಂದ ಅವಳಿಗೆ ಕಳೆಯುವ ಲೆಕ್ಕ ಬಂತು, ಯಾಕೆಂದರೆ ನಮ್ಮಲ್ಲಿ ಮುಂಗುಸಿ ಇದೆ.

ಭಾಷೆಯೂ ಹಾಗೆ. ನಾವು ಮನೆಯಲ್ಲಿ ತುಳು. ಅವಳಿಗೆ ಕರು ಅಂದರೆ ಕಂಜಿ. ಅಂಗನವಾಡಿಯಲ್ಲಿ ಅದು ಮಲಯಾಳದ ಕಿಡಾವು ಆಯಿತು, ಶಾಲೆಗೆ ಬಂದ ಮೇಲೆ ಕರು. ಮಲಯಾಳದಲ್ಲಿ ಮಾತಾಡುವ ಪಶುವೈದ್ಯರು ಬಂದಾಗ ಅವಳೇ ನಡುವೆ ನಿಂತು ಅಜ್ಜಿಗೆ ತುಳುವಿನಲ್ಲಿ ಹೇಳುತ್ತಾಳೆ. ಬೊಳ್ಳಿಯ ಜೊತೆ ಮಾತ್ರ ತುಳು ಬಿಟ್ಟು ಬೇರೆ ಆಡಿದ್ದು ನಾನು ಕೇಳಿಲ್ಲ.

ಈಗ ಒಂದು ರಾತ್ರಿಯ ಸಂಗತಿ. ಅದಕ್ಕೆ ಮೊದಲು ನನ್ನ ತಪ್ಪನ್ನೂ ಹೇಳಬೇಕು. ಬೊಳ್ಳಿಯ ಮೊದಲ ಕರು ಹುಟ್ಟಿದಾಗ ಅತ್ತೆ ಹೇಳಿದರು, ಕರುವಿನ ಹಿಂದೆ ಬರುವ ಮಾಸು ಬೀಳುವವರೆಗೆ ಕರುವಿಗೆ ಹಾಲು ಕುಡಿಸಬಾರದು. ಹಳಬರ ಮಾತು, ನಾನು ಎದುರು ಆಡಲಿಲ್ಲ. ಮಾಸು ಬಿದ್ದದ್ದು ಮರುದಿನ ಬೆಳಿಗ್ಗೆ. ಅಷ್ಟು ಹೊತ್ತು ಕರು ತಾಯಿಯನ್ನು ನೋಡುತ್ತಾ ಮೂಲೆಯಲ್ಲಿ ಕೂಗುತ್ತಿತ್ತು. ಎರಡನೆಯ ವಾರ ಅದಕ್ಕೆ ಬಿಳಿ ಭೇದಿ ಶುರುವಾಗಿ ಸತ್ತಿತು. ಡಾಕ್ಟರು ಬೈಯಲಿಲ್ಲ, ವಿವರಿಸಿದರು. ಮನುಷ್ಯರಲ್ಲಿ ರೋಗ ತಡೆಯುವ ಒಂದಿಷ್ಟು ಶಕ್ತಿ ಹೊಟ್ಟೆಯಲ್ಲಿರುವಾಗಲೇ ಮಗುವಿಗೆ ಹೋಗುತ್ತದೆ. ದನದಲ್ಲಿ ಹೋಗುವುದೇ ಇಲ್ಲ. ಕರುವಿಗೆ ಸಿಗುವುದೆಲ್ಲ ಗಿಣ್ಣುಹಾಲಿನಿಂದ. ಅದನ್ನು ಹೀರಿಕೊಳ್ಳುವ ತಾಕತ್ತು ಅದರ ಕರುಳಿಗೆ ಇರುವುದು ಹುಟ್ಟಿದ ಮೊದಲ ಒಂದು ದಿನ, ಅದರಲ್ಲೂ ಮೊದಲ ಆರು ಗಂಟೆ ಮುಖ್ಯ. ಕರು ಎಷ್ಟು ತೂಗುತ್ತದೋ ಅದರ ಹತ್ತನೇ ಒಂದು ಪಾಲು ಹಾಲು ಆ ದಿನ ಹೊಟ್ಟೆಗೆ ಹೋಗಬೇಕು. ಇನ್ನೂ ಒಂದು ಮಾತು ಹೇಳಿದರು: ಕರು ಕೆಚ್ಚಲಿಗೆ ಬಾಯಿ ಹಾಕಿದರೆ ಮಾಸು ಬೇಗ ಬೀಳಲಿಕ್ಕೆ ಅದೇ ಸಹಾಯ. ನಾವು ಎರಡನ್ನೂ ತಿರುಗುಮುರುಗು ಮಾಡಿದ್ದೆವು.

ಅತ್ತೆ ಅವತ್ತು ಅಡುಗೆಮನೆಯಲ್ಲಿ ಮೆಲ್ಲ ಹೇಳಿದರು, "ನಿನ್ನ ಗಂಡ ಹುಟ್ಟಿದಾಗಲೂ ಹಳದಿ ಹಾಲನ್ನು ಹಿಂಡಿ ಚೆಲ್ಲಿ, ಅವನಿಗೆ ಬೆಲ್ಲದ ನೀರು ಕೊಟ್ಟಿದ್ದರು." ಎಪ್ಪತ್ತು ದಾಟಿದ ಹೆಂಗಸು, ಕರುವಿನ ನೆಪದಲ್ಲಿ ತನ್ನ ಬಾಣಂತನವನ್ನು ನೆನೆಸಿಕೊಂಡರು.

ಮುಂದಿನ ಸಲ ಬೊಳ್ಳಿ ಕರು ಹಾಕಿದ್ದು ಆಷಾಢದ ಮಳೆಯಲ್ಲಿ, ರಾತ್ರಿ ಎರಡು ಗಂಟೆಗೆ. ಮಗಳನ್ನು ಎಬ್ಬಿಸಬೇಕೋ ಬೇಡವೋ ಅಂತ ನಮ್ಮಲ್ಲಿ ಚರ್ಚೆ. ಅವಳೇ ಎದ್ದು ಬಂದಳು. ಹಾಳೆಯ ಮೇಲೆ ಕೂರಿಸಿದೆ. ಮೊದಲು ಎರಡು ಗೊರಸು, ಅದರ ಮೇಲೆ ಮೂಗು. ಆಮೇಲೆ ಒಮ್ಮೆಲೇ ಇಡೀ ಕರು ಜಾರಿ ಸೊಪ್ಪಿನ ಮೇಲೆ ಬಿತ್ತು, ಹಬೆಯಾಡುತ್ತಾ. ಬೊಳ್ಳಿ ತಿರುಗಿ ನೆಕ್ಕಲಿಕ್ಕೆ ಶುರು ಮಾಡಿದಳು; ಆ ಗರಗರ ಸದ್ದು ಮಳೆಯ ಸದ್ದಿನ ನಡುವೆಯೂ ಕೇಳುತ್ತಿತ್ತು. ಕರು ಏಳಲು ನೋಡಿತು, ಮುಂಗಾಲು ಮಡಚಿ ಮೂಗು ನೆಲಕ್ಕೆ ಬಡಿಯಿತು. ಮತ್ತೆ ಎದ್ದಿತು, ಈ ಸಲ ಹಿಂಗಾಲು ಅಗಲ ಹೋಯಿತು. ಮಗಳು ಪ್ರತಿ ಸಲ ನನ್ನ ಕೈ ಹಿಸುಕುತ್ತಿದ್ದಳು. ಐದನೆಯ ಸಲವೋ ಆರನೆಯ ಸಲವೋ ನಾಲ್ಕು ಕಾಲೂ ಕುರ್ಚಿಯ ಕಾಲಿನ ಹಾಗೆ ಹೊರಗೆ ಚಾಚಿ ನಿಂತಿತು. "ಕಂಜಿ ಲಕ್ಕ್‌ಂಡ್! ಕಂಜಿ ಲಕ್ಕ್‌ಂಡ್!" (ಕರು ಎದ್ದಿತು) ಅಂತ ಅವಳು ಕೂಗಿದ್ದಕ್ಕೆ ಮಾವ ಟಾರ್ಚ್ ಹಿಡಿದುಕೊಂಡು ಓಡಿಬಂದರು. ಕರುವಿನ ಬಾಯನ್ನು ಕೆಚ್ಚಲಿಗೆ ಹಿಡಿದು ಕೊಟ್ಟದ್ದು ಯಾರು ಗೊತ್ತುಂಟಾ? ಅತ್ತೆ. ಬೆಳಗಿನ ನಾಲ್ಕು ಗಂಟೆಗೆ ಮಾಸು ಬಿತ್ತು.

ಆರೋಗ್ಯದ ವಿಷಯ ಹೇಳಬೇಕು ಅಂತ ಟೀಚರು ಹೇಳಿದ್ದಾರೆ. ಅಮೆರಿಕದಲ್ಲಿ ಆಮಿಶ್, ಹಟರೈಟ್ ಅಂತ ಎರಡು ಕೃಷಿಕ ಪಂಗಡಗಳು. ಎರಡರದ್ದೂ ಮೂಲ ಯುರೋಪು, ಊಟ ಉಪಚಾರ ಹೆಚ್ಚುಕಡಿಮೆ ಒಂದೇ. ಆಮಿಶರದ್ದು ಸಣ್ಣ ಸಣ್ಣ ಹಿಡುವಳಿ, ಹಟ್ಟಿ ಮನೆಯ ಪಕ್ಕ. ಹಟರೈಟರದ್ದು ಯಂತ್ರದ ದೊಡ್ಡ ಕೃಷಿ, ಪ್ರಾಣಿಗಳು ಮನೆಯಿಂದ ದೂರ. 2016ರಲ್ಲಿ ಬಂದ ಅಧ್ಯಯನದಲ್ಲಿ ಆಮಿಶ್ ಮಕ್ಕಳಲ್ಲಿ ಆಸ್ತಮಾ ಶೇಕಡಾ 5ರ ಆಸುಪಾಸು, ಇನ್ನೊಂದು ಕಡೆ 21. ಮನೆಯ ಧೂಳಿನಲ್ಲಿ ವ್ಯತ್ಯಾಸ ಇತ್ತು. ಇದನ್ನು ಕೇಳಿ ಹಸಿ ಹಾಲು ಕುಡಿಸಲಿಕ್ಕೆ ಹೊರಡಬೇಡಿ. ಹಾಲು ಕುದಿಯಲೇಬೇಕು, ಬ್ರುಸೆಲ್ಲ ಜ್ವರ, ಕ್ಷಯ ಎರಡೂ ಹಸಿ ಹಾಲಿನಲ್ಲಿ ಬರಬಹುದು. ಹಟ್ಟಿಯಿಂದ ಬಂದ ಕೈಗೆ ಸೋಪು, ವರ್ಷಕ್ಕೆರಡು ಸಲ ಹುಳದ ಮಾತ್ರೆ. ನಾಯಿ, ಬೆಕ್ಕು ಪರಚಿದರೂ ಮುಚ್ಚಿಡಬೇಡಿ: ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆದು ಸೀದಾ ಆಸ್ಪತ್ರೆಗೆ. ಮಗು ಬೈಗುಳಕ್ಕೆ ಹೆದರಿ ಹೇಳದೆ ಇರುವುದೇ ದೊಡ್ಡ ಅಪಾಯ. ಆದ್ದರಿಂದ ನಮ್ಮಲ್ಲಿ ಪರಚಿದ್ದಕ್ಕೆ ಬೈಗುಳ ಇಲ್ಲ.

ಅಡಿಕೆಗೆ ಮದ್ದು ಬಿಡುವ ದಿನ ಮಾತ್ರ ಮಗುವೂ ಕರುವೂ ಒಟ್ಟಿಗೆ ಬಂದ್. ಕೊಳೆರೋಗಕ್ಕೆ ನಾವು ಹೊಡೆಯುವುದು ಬೋರ್ಡೋ ದ್ರಾವಣ, ಒಂದು ಕಿಲೋ ನೀಲಿ ಮೈಲುತುತ್ತಿಗೆ ಒಂದು ಕಿಲೋ ಸುಣ್ಣ, ನೂರು ಲೀಟರು ನೀರು. ಮರದಿಂದ ಇಳಿದದ್ದೆಲ್ಲ ಹುಲ್ಲಿನ ಮೇಲೆ. ಆ ಹುಲ್ಲು, ಆ ಹಾಳೆ ದನಕ್ಕೆ ಹಾಕುವುದಿಲ್ಲ. ಒಮ್ಮೆ ಮಗಳ ಬೆರಳ ತುದಿ ನೀಲಿ ಕಂಡು ನಾನು ನಡುಗಿದೆ, ನೋಡಿದರೆ ಕ್ರೇಯಾನು.

ನಡುಗುವುದಕ್ಕೆ ಕಾರಣ ಉಂಟು. ನಾನಿರುವುದು ಎಣ್ಮಕಜೆ ಪಂಚಾಯತಿನಲ್ಲಿ. 2000ದವರೆಗೆ ಎರಡು ದಶಕಕ್ಕೂ ಹೆಚ್ಚು ಕಾಲ ಗೇರು ತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿದ ಊರು. 2011ರಲ್ಲಿ ಸುಪ್ರೀಂ ಕೋರ್ಟು ಇಡೀ ದೇಶದಲ್ಲಿ ಆ ವಿಷವನ್ನೇ ನಿಲ್ಲಿಸುವ ಹೊತ್ತಿಗೆ ಆಗಬೇಕಾದ್ದೆಲ್ಲ ಆಗಿತ್ತು. ಪಡ್ರೆ ಕಡೆಯ ಹಿರಿಯರು ಹೇಳುತ್ತಾರೆ, ಕಾಲು ಸೊಟ್ಟಗಿನ ಕರುಗಳು ಮೊದಲು ಹುಟ್ಟಿದವು, ಮಕ್ಕಳ ವಿಷಯ ಆಮೇಲೆ ತಿಳಿಯಿತು ಅಂತ. ಹಟ್ಟಿಯಲ್ಲಿ ಏನು ಹುಟ್ಟುತ್ತದೆ ಅಂತ ಈಗಲೂ ನಾವು ಎರಡೆರಡು ಸಲ ನೋಡುತ್ತೇವೆ.

ಆ ಮಳೆಗಾಲದ ಕರು ಗಂಡು. ವರ್ಷ ತುಂಬುವಾಗ ಅದನ್ನು ಕೊಟ್ಟೆವು. ಮಗಳಿಗೆ ಏನು ಹೇಳುವುದು? ಗಂಡ, "ಅಜ್ಜನ ಮನೆಗೆ ಹೋಗಿದೆ ಅನ್ನುವ" ಅಂದರು. ಅಜ್ಜನ ಮನೆ ಮುಳ್ಳೇರಿಯದಲ್ಲಿ, ಹತ್ತಿರವೇ. ಬರುವ ಭಾನುವಾರ ಅಲ್ಲಿ ಹೋಗಿ ಹುಡುಕುತ್ತಾಳೆ ಅಂತ ನಾನು ಒಪ್ಪಲಿಲ್ಲ. ಮಾರಿದೆವು, ದುಡ್ಡು ತೆಗೆದುಕೊಂಡೆವು ಅಂತಲೇ ಹೇಳಿದೆ. "ಎಷ್ಟು?" ಅಂತ ಕೇಳಿದಳು. ಹೇಳಿದೆ. ಎರಡು ದಿನ ಹಾಲು ಕುಡಿಯಲಿಲ್ಲ. ಮೂರನೆಯ ದಿನ ಕುಡಿದಳು, ನನ್ನ ಹತ್ತಿರ ಮಾತ್ರ ಇನ್ನೂ ಎರಡು ದಿನ ಮಾತಿಲ್ಲ. ಆ ದುಡ್ಡಿನಲ್ಲಿ ಹಟ್ಟಿಯ ಮಾಡಿಗೆ ಶೀಟು ಹಾಕಿದ್ದು ಅವಳಿಗೆ ಗೊತ್ತು. ಮಳೆ ಬಂದಾಗ ಅವಳು ಈಗಲೂ ಒಮ್ಮೆ ಮೇಲೆ ನೋಡುತ್ತಾಳೆ. ನಾನು ಏನೂ ಕೇಳುವುದಿಲ್ಲ.

ಕಂಬದಲ್ಲಿ ಮಾವ ಪ್ರತಿ ದೀಪಾವಳಿಗೆ, ಗೋಪೂಜೆಯ ದಿನ, ದನದ ಮೈಗೆ ಸುಣ್ಣದ ಬೊಟ್ಟು ಇಡುವಾಗಲೇ ಮಗಳ ಗೆರೆಯನ್ನೂ ಎಳೆಯುತ್ತಾರೆ. ಬೊಳ್ಳಿಯ ಗೆರೆ ಅಲ್ಲೇ ಇದೆ. ಮಗಳದ್ದು ಈಗ ಅದಕ್ಕಿಂತ ಆರು ಬೆರಳು ಮೇಲೆ. ಕಳೆದ ವಾರ ಅವಳು ಮೊದಲ ಸಲ ಬೊಳ್ಳಿಯ ಹಾಲು ಕರೆದಳು. ಲೋಟದಲ್ಲಿ ಎರಡು ಗುಟುಕು, ಉಳಿದದ್ದು ಅವಳ ಲಂಗಕ್ಕೆ.

ನಾಲ್ಕು ಗಂಟೆ ಆಯಿತು. ಪೆರ್ಲದ ಬಸ್ಸು ನಾಲ್ಕು ಹತ್ತಕ್ಕೆ ಉಂಟು. ಕೇಳುವುದಿದ್ದರೆ ಬಸ್ಸು ಸ್ಟ್ಯಾಂಡಿನವರೆಗೆ ಒಟ್ಟಿಗೆ ನಡೆಯುವ.