ಮಾತಿನ ಹಲಗೆ

ಆತ್ಮೀಯ ಕೇಳುಗರಿಗೆ ನಮಸ್ಕಾರ.

ಪಾರ್ಶ್ವವಾಯು, ಅಂದರೆ ನಾವು ಆಡುಮಾತಿನಲ್ಲಿ ಲಕ್ವ ಎನ್ನುವ ಕಾಯಿಲೆ ಬಡಿದವರು ಆಸ್ಪತ್ರೆಯಿಂದ ಮನೆಗೆ ಮರಳಿದಾಗ, ಮನೆಯವರ ಗಮನವೆಲ್ಲ ಬಲ ಕುಂದಿದ ಕೈಕಾಲುಗಳ ಮೇಲಿರುತ್ತದೆ. ಎಣ್ಣೆ ತಿಕ್ಕುತ್ತಾರೆ, ವ್ಯಾಯಾಮ ಮಾಡಿಸುತ್ತಾರೆ, ಗೋಡೆ ಹಿಡಿಸಿ ನಡೆಸುತ್ತಾರೆ. ಮಾತು ಮಾತ್ರ ತಾನಾಗಿ ಬಂದೀತು ಎಂದು ಕಾಯುತ್ತಾರೆ. ಹೀಗೆ ಕಾಯುವ ತಿಂಗಳುಗಳಲ್ಲಿ ರೋಗಿ ತನ್ನ ಮನೆಯೊಳಗೇ ಒಂಟಿಯಾಗುವುದನ್ನು ವಾಕ್ ಚಿಕಿತ್ಸಕಿಯಾಗಿ ಕಾಸರಗೋಡಿನ ಹಲವು ಮನೆಗಳಲ್ಲಿ ಕಂಡಿದ್ದೇನೆ. ಆದ್ದರಿಂದ ಮಾತಿಗೆ ಊರುಗೋಲಾಗುವ ಸಾಧನಗಳ ಕುರಿತು ಇಂದು ಮಾತನಾಡುತ್ತೇನೆ.

ಮಾತು ಕೆಡುವುದು ಎಲ್ಲರಲ್ಲೂ ಒಂದೇ ರೀತಿಯಲ್ಲಲ್ಲ. ಕೆಲವರಲ್ಲಿ ನಾಲಿಗೆ, ತುಟಿ, ಗಂಟಲಿನ ಸ್ನಾಯುಗಳು ಸೋತು ಉಚ್ಚಾರ ತೊದಲುತ್ತದೆ. ಹೇಳಬೇಕಾದ ಪದ ಅವರಿಗೆ ಗೊತ್ತಿರುತ್ತದೆ, ಓದು ಬರಹವೂ ಉಳಿದಿರುತ್ತದೆ. ಇದು ಡಿಸಾರ್ಥ್ರಿಯಾ. ಇನ್ನು ಕೆಲವರಲ್ಲಿ ಪದವೇ ಕೈಗೆ ಸಿಗದು; ಅನೇಕರಿಗೆ ಕೇಳಿದ್ದೂ ಓದಿದ್ದೂ ಪೂರ್ತಿ ಅರ್ಥವಾಗದು. ಇದು ಅಫೇಸಿಯಾ. ಹೆಚ್ಚಿನವರಲ್ಲಿ ಭಾಷೆಯ ಕೇಂದ್ರಗಳು ಮೆದುಳಿನ ಎಡಭಾಗದಲ್ಲಿರುವುದರಿಂದ, ಮೈಯ ಬಲಬದಿಯನ್ನು ನಡೆಸುವುದೂ ಅದೇ ಭಾಗವಾದ್ದರಿಂದ, ಬಲಗೈ ಬಲಗಾಲು ಸೋತವರಲ್ಲಿ ಅಫೇಸಿಯಾ ಹೆಚ್ಚಾಗಿ ಕಾಣಿಸುತ್ತದೆ. 1861ರಲ್ಲಿ ಪ್ಯಾರಿಸಿನ ವೈದ್ಯ ಪಾಲ್ ಬ್ರೋಕಾ ವಿವರಿಸಿದ ರೋಗಿಯ ಬಾಯಲ್ಲಿ 'ಟಾನ್' ಎಂಬ ಒಂದೇ ಸದ್ದು ಉಳಿದಿತ್ತು. ಆದರೂ ಇತರರು ಹೇಳಿದ್ದು ಆತನಿಗೆ ಬಹುಮಟ್ಟಿಗೆ ಅರ್ಥವಾಗುತ್ತಿತ್ತು. ಮಾತು ಹೋದವರಿಗೆ ಬುದ್ಧಿಯೂ ಹೋಯಿತೆಂದು ಭಾವಿಸಿ ಅವರ ಎದುರಿನಲ್ಲೇ ಅವರ ಬಗ್ಗೆ ಮಾತನಾಡುವವರನ್ನು ಕಂಡಾಗ ನನಗೆ ಇಂದಿಗೂ ಸಂಕಟವಾಗುತ್ತದೆ.

ಈ ವ್ಯತ್ಯಾಸ ತಿಳಿಯದೆ ಸಾಧನ ಆರಿಸಿದರೆ ಶ್ರಮ ವ್ಯರ್ಥ. ಅಕ್ಷರಗಳನ್ನು ತೋರಿಸಿ ಪದ ಕಟ್ಟುವ ಹಲಗೆ ಡಿಸಾರ್ಥ್ರಿಯಾ ಇರುವವರಿಗೆ ಚೆನ್ನಾಗಿ ಒದಗುತ್ತದೆ. ಅಫೇಸಿಯಾ ಇರುವವರ ಮುಂದೆ ಅದನ್ನೇ ಇಟ್ಟರೆ, ಕಾಗುಣಿತ ಒತ್ತಕ್ಷರಗಳ ನಡುವೆ ಅವರು ಇನ್ನಷ್ಟು ಕಂಗಾಲಾಗುತ್ತಾರೆ. ಅವರಿಗೆ ಬೇಕಾದದ್ದು ಚಿತ್ರ, ಅದರಲ್ಲೂ ತಮ್ಮ ಬದುಕಿನ ಚಿತ್ರ.

ಪೆರ್ಲದ ಕಡೆಯ ಒಬ್ಬ ಅಡಿಕೆ ಕೃಷಿಕರ ಮನೆಗೆ ನಾನು ಮೊದಲು ಹೋದಾಗ, ಎಲ್ಲಿಂದಲೋ ಮುದ್ರಿಸಿ ತಂದ ಚಿತ್ರಫಲಕವೊಂದು ಮೂಲೆಯಲ್ಲಿತ್ತು. ಅದರಲ್ಲಿ ಸೇಬು, ಬ್ರೆಡ್ಡು, ಸೋಫಾ, ಬಾತ್‌ಟಬ್ ಇದ್ದವು. ಅವರು ಅದನ್ನು ಮುಟ್ಟುತ್ತಲೇ ಇರಲಿಲ್ಲ. ಅವರ ಬಾಯಲ್ಲಿ ಉಳಿದಿದ್ದ ಪದ 'ಆತು' ಎಂಬುದೊಂದೇ. ಆಟಿ ತಿಂಗಳ ಮಳೆ ಸ್ವಲ್ಪ ಬಿಡುವು ಕೊಟ್ಟಿದ್ದ ಆ ದಿನ, ಅವರು ಎಡಗೈಯನ್ನು ಮೇಲಕ್ಕೆತ್ತಿ ಮತ್ತೆ ಮತ್ತೆ 'ಆತು, ಆತು' ಎನ್ನುತ್ತಿದ್ದರು. ಫ್ಯಾನು ಬೇಕೆಂದು ತಿಳಿದು ಸೊಸೆ ಸ್ವಿಚ್ಚು ಹಾಕಿದರು. ಅವರ ಸಿಟ್ಟು ಹೆಚ್ಚಿತು. ನಾನು ಮಗನ ಫೋನಿನಿಂದ ತೋಟದ ಫೋಟೋಗಳನ್ನು ಒಂದೊಂದಾಗಿ ತೋರಿಸುತ್ತ ಹೋದೆ. ಅಡಿಕೆ ಗೊನೆಯ ಚಿತ್ರ ಬಂದಾಗ ಅವರ ಬೆರಳು ಅಲ್ಲಿ ಊರಿ ನಿಂತಿತು. ಮಹಾಳಿ, ಅಂದರೆ ಅಡಿಕೆಯ ಕೊಳೆರೋಗ ಬಾರದಂತೆ ಎರಡನೆಯ ಸಲ ಬೋರ್ಡೊ ಮದ್ದು ಬಿಟ್ಟಾಯಿತೇ ಎಂದು ಅವರು ಕೇಳುತ್ತಿದ್ದರು! ಮಗ ಪಕ್ಕದಲ್ಲಿ ಕುಳಿತು, 'ಅಪ್ಪಾ, ಮದ್ದು ಬಿಟ್ಟಾಯಿದು' ಎಂದಾಗ ಅವರ ಕೈ ಮೆಲ್ಲನೆ ಮಡಿಲಿಗೆ ಇಳಿಯಿತು.

ಅವರ ಹೊಸ ಹಲಗೆಯನ್ನು ಅದೇ ವಾರ ಮಾಡಿದೆವು. ಮೊದಲು ಎಂಟೇ ಚಿತ್ರ: ನೀರು, ಶೌಚಾಲಯ, ನೋವು, ವೀಳ್ಯದ ತಟ್ಟೆ, ತೋಟ, ಮದ್ದಿನ ಪಂಪು, ಊರಿನಾಚೆ ಇರುವ ಮಗಳು, 'ಇದರಲ್ಲಿ ಇಲ್ಲ' ಎಂದು ಸೂಚಿಸುವ ಒಂದು ಗುರುತು. ಈ ಕೊನೆಯದನ್ನು ಬಹಳ ಮಂದಿ ಮರೆಯುತ್ತಾರೆ. ಅದಿಲ್ಲದಿದ್ದರೆ ರೋಗಿ ಇರುವ ಚಿತ್ರಗಳಲ್ಲೇ ಒಂದನ್ನು ತೋರಿಸಿ ಸೋಲೊಪ್ಪಿಕೊಳ್ಳಬೇಕಾಗುತ್ತದೆ. ಬಲಗೈ ಸೋತವರಾದ ಕಾರಣ ಹಲಗೆ ಎಡಗೈಗೆ ಎಟಕುವಂತಿರಬೇಕು. ಬಲಬದಿಯ ನೋಟವೂ ಕೆಲವರಲ್ಲಿ ಕುಂದಿರುವುದರಿಂದ ಮುಖ್ಯ ಚಿತ್ರಗಳು ಎಡಕ್ಕಿರಬೇಕು. ಅಫೇಸಿಯಾ ಇರುವವರು 'ಅಲ್ಲ' ಎನ್ನಲು ಹೋಗಿ 'ಹೌದು' ಎನ್ನುವುದೂ ಉಂಟು. ಹಾಗಾಗಿ ತಲೆಯಾಡಿಸಿದ್ದನ್ನಷ್ಟೇ ನಂಬದೆ, ಚಿತ್ರವನ್ನು ಮತ್ತೊಮ್ಮೆ ತೋರಿಸಿ ಖಚಿತಪಡಿಸಿಕೊಳ್ಳಬೇಕು.

ಸಾಧನ ಕೊಟ್ಟರೆ ಮಾತನಾಡುವ ಪ್ರಯತ್ನವನ್ನೇ ಬಿಟ್ಟುಬಿಡುತ್ತಾರೆ ಎಂಬ ಭಯ ಹಲವು ಮನೆಗಳಲ್ಲಿದೆ. ನನ್ನ ಅನುಭವ ಇದಕ್ಕೆ ವಿರುದ್ಧ. ಚಿತ್ರ ಮುಟ್ಟುವಾಗ ಆ ಪದವನ್ನು ನಾವು ನಿಧಾನವಾಗಿ ಹೇಳುತ್ತೇವೆ, ಅವರು ತುಟಿಯಾಡಿಸುತ್ತಾರೆ, ಎಷ್ಟೋ ಸಲ ಮೊದಲ ಅಕ್ಷರ ಹೊರಡುತ್ತದೆ. ಅಂಕಿ ಎಣಿಸುವುದು, ವಾರಗಳ ಹೆಸರು, ಭಜನೆಯ ಸಾಲು ಮುಂತಾದವು ಬಾಯಿಪಾಠದ ದಾರಿಯಿಂದ ಬರುವುದರಿಂದ, ಮಾತು ನಿಂತವರಲ್ಲೂ ಉಳಿದಿರಬಹುದು. ಚಿಕಿತ್ಸೆಯಲ್ಲಿ ಅವನ್ನೂ ಜೊತೆಜೊತೆಗೆ ಬಳಸುತ್ತೇವೆ. ಆದರೆ ಹಲಗೆಯನ್ನು ರೋಗಿಯೊಬ್ಬರೇ ಬಳಸಿದರೆ ಅದು ಪರೀಕ್ಷೆಯ ಪ್ರಶ್ನೆಪತ್ರಿಕೆಯಂತಾಗುತ್ತದೆ. 'ನೀರು ಕೊಡಲೋ' ಎಂದು ಕೇಳುವಾಗ ಮನೆಯವರೂ ಚಿತ್ರ ಮುಟ್ಟಿ ಕೇಳಬೇಕು, ಟಿ.ವಿ. ಆರಿಸಬೇಕು, ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಿ ಉತ್ತರಕ್ಕೆ ಸಮಯ ಕೊಡಬೇಕು.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ತೊಡಕಿದೆ. ಮನೆಯಲ್ಲಿ ತುಳುವೋ ಹವ್ಯಕ ಕನ್ನಡವೋ ಕೊಂಕಣಿಯೋ, ಶಾಲೆಯಲ್ಲಿ ಕನ್ನಡ, ಆಸ್ಪತ್ರೆಯಲ್ಲಿ ಮಲಯಾಳ. ಬಹುಭಾಷಿಕರಿಗೆ ಲಕ್ವ ಬಡಿದಾಗ ಎಲ್ಲ ಭಾಷೆಗಳೂ ಸಮನಾಗಿ ಮರಳಬೇಕೆಂದಿಲ್ಲ. ಒಂದು ಮೊದಲು ಬರಬಹುದು, ಇನ್ನೊಂದು ಹಿಂದೆ ಉಳಿಯಬಹುದು. ಯಾವ ಭಾಷೆಗೆ ರೋಗಿ ಹೆಚ್ಚು ಓಗೊಡುತ್ತಾರೆಂದು ನೋಡದೆ ಚಿಕಿತ್ಸೆಯ ಭಾಷೆಯನ್ನು ನಿರ್ಧರಿಸಬಾರದು. ಮಂಜೇಶ್ವರದ ಬಳಿ ಬೀಡಿ ಕಟ್ಟಿಯೇ ಬದುಕಿದ ಒಬ್ಬ ಅಜ್ಜಿಗೆ ಮುಟ್ಟಿದರೆ ಮಾತನಾಡುವ ಆ್ಯಪನ್ನು ಟ್ಯಾಬ್ಲೆಟ್ಟಿನಲ್ಲಿ ಹಾಕಿಕೊಟ್ಟೆವು. ಅದರ ಪುಸ್ತಕದ ಕನ್ನಡ ಕೇಳಿ ಅವರು ಮುಖ ತಿರುಗಿಸಿದರು. ಬಳಿಕ ಮೊಮ್ಮಗಳೇ 'ಎಂಕ್ ಚಾ ಬೋಡು' ಎಂದು ತುಳುವಿನಲ್ಲಿ ತನ್ನ ದನಿ ತುಂಬಿಸಿಕೊಟ್ಟಳು. ಅಜ್ಜಿ ಅದನ್ನು ಒತ್ತಿ, ಕೇಳಿ, ಮತ್ತೆ ಒತ್ತಿದರು. ಆಗ ಚಹಾ ಬೇಕಾಗಿತ್ತೋ ಮೊಮ್ಮಗಳ ದನಿ ಬೇಕಾಗಿತ್ತೋ ನಾನರಿಯೆ.

ಇಂಥ ಆ್ಯಪ್‌ಗಳು ನಮ್ಮ ದೇಶದಲ್ಲೇ ತಯಾರಾಗಿವೆ. ಚೆನ್ನೈಯಲ್ಲಿ ರೂಪುಗೊಂಡ ಅವಾಜ್, ಬೊಂಬಾಯಿಯ ಐ.ಐ.ಟಿ.ಯ ಜೆಲ್ಲೋ ಅವುಗಳಲ್ಲಿ ಎರಡು. ಆ್ಯಪ್ ಕೊಳ್ಳುವ ಮುನ್ನ ನಿಮ್ಮದೇ ದನಿಯನ್ನೂ ಫೋಟೋವನ್ನೂ ಸೇರಿಸಲು ಬರುತ್ತದೆಯೇ ಎಂದು ನೋಡಿ. ವಾಕ್ ತಜ್ಞರ ಸಲಹೆಗಾಗಿ ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ತಿರುವನಂತಪುರದಲ್ಲಿ ನಿಶ್ ಎಂಬ ರಾಷ್ಟ್ರೀಯ ವಾಕ್ ಶ್ರವಣ ಸಂಸ್ಥೆ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಅಫೇಸಿಯಾದಿಂದ ಉಂಟಾದ ಶಾಶ್ವತ ಮಾತು ಮತ್ತು ಭಾಷೆಯ ತೊಂದರೆಯನ್ನು ಹೆಸರಿಸಿಯೇ ಗುರುತಿಸಿದೆ. ಕೈಕಾಲು ಸರಿಯಿದೆಯಲ್ಲ ಎಂದು ಯಾರಾದರೂ ಹಿಂದೆ ಕಳುಹಿಸಿದರೆ ಈ ಮಾತನ್ನು ನೆನಪಿಸಿ, ಅಂಗವೈಕಲ್ಯದ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ.

ಪೆರ್ಲದ ಆ ಕೃಷಿಕರ ಹಲಗೆಯಲ್ಲಿ ಈಗ ಇಪ್ಪತ್ತೆರಡು ಚಿತ್ರಗಳಿವೆ. ಮಳೆಗಾಲ ಮುಗಿದ ಮೇಲೆ ಮದ್ದಿನ ಪಂಪಿನ ಚಿತ್ರ ತೆಗೆದು, ಅಂಗಳದಲ್ಲಿ ಹರವಿದ ಅಡಿಕೆಯ ಚಿತ್ರ ಅಂಟಿಸಿದೆವು. ಮೋಡ ಕವಿದ ಒಂದು ಸಂಜೆ ಅವರು ಅದರ ಮೇಲೆ ಬೆರಳಿಟ್ಟು 'ಮಳೆ' ಎಂದರಂತೆ. ಮಗ ಅಡಿಕೆ ಒಳಗೆ ತಂದು ಹಾಕಿ, ಆಮೇಲೆ ನನಗೆ ಫೋನು ಮಾಡಿದರು.

ನಮಸ್ಕಾರ.