ಡ್ರೈವರೇ ಫೈಲಿಗೆ ಬರೆಯಬೇಕೆ?

ಕೇಳುಗರಿಗೆ ನಮಸ್ಕಾರ.

ಸಾಧನವೊಂದಕ್ಕೆ ಡ್ರೈವರ್, ಅಂದರೆ ಅದನ್ನು ನಡೆಸುವ ತಂತ್ರಾಂಶ, ಬರೆಯಲು ಕುಳಿತ ಹೊಸಬರಲ್ಲಿ ಬಹುಬೇಗ ಮೊಳೆಯುವ ಆಸೆಯೊಂದಿದೆ. ಸೆನ್ಸರ್‌ನಿಂದ ಬಂದ ಅಂಕಿಗಳನ್ನು ಡ್ರೈವರೇ ನೇರವಾಗಿ ಫೈಲಿಗೆ ಬರೆದುಬಿಟ್ಟರೆ ಹೇಗೆ? ದಾರಿ ಇಲ್ಲದಿಲ್ಲ. ಲಿನಕ್ಸ್ ಕರ್ನೆಲ್‌ನಲ್ಲಿ, ಅಂದರೆ ಆ ಆಪರೇಟಿಂಗ್ ಸಿಸ್ಟಂನ ತಿರುಳಿನಲ್ಲಿ, ಫಿಲ್ಪ್ ಓಪನ್ ಎಂಬ ಫಂಕ್ಷನ್ ಫೈಲನ್ನು ತೆರೆಯುತ್ತದೆ, ಕರ್ನೆಲ್ ರೈಟ್ ಎಂಬುದು ಬರೆಯುತ್ತದೆ. ವಿಂಡೋಸ್‌ನಲ್ಲೂ ಇಂಥವು ಇವೆ. ಆದರೂ ಪಳಗಿದವರು ಬೇಡ ಎನ್ನುತ್ತಾರೆ. ನಾನೂ ಅವರ ಪಕ್ಷವೇ.

ಮೊದಲ ತೊಡಕು ಕಾಯುವುದರದ್ದು. ಸಾಧನ ಇಂಟರಪ್ಟ್, ಅಂದರೆ ತನ್ನತ್ತ ತಕ್ಷಣ ಗಮನ ಕೊಡಿ ಎಂಬ ಸೂಚನೆ, ಕೊಟ್ಟಾಗ ಓಡುವ ಕೋಡ್ ಎಲ್ಲೂ ನಿಲ್ಲುವಂತಿಲ್ಲ. ಫೈಲಿಗೆ ಬರೆಯುವಾಗಲೋ ಲಾಕ್‌ಗೆ, ಮೆಮೊರಿಗೆ, ಡಿಸ್ಕಿಗೆ ಕಾಯಬೇಕಾದೀತು. ಕಾದಿರೋ, ‘ಶೆಡ್ಯೂಲಿಂಗ್ ವೈಲ್ ಅಟಾಮಿಕ್’ ಎಂದು ಕರ್ನೆಲ್ ಲಾಗ್‌ನಲ್ಲಿ ಬೈಗುಳ ಬೀಳುತ್ತದೆ. ಬರೆಯುವ ಕೆಲಸವನ್ನು ಆಮೇಲೆ ಮಾಡುವ ಕೆಲಸಗಳ ಸಾಲಾದ ವರ್ಕ್‌ಕ್ಯೂಗೆ ದಾಟಿಸಿದರೆ ಇದು ಬಗೆಹರಿಯುತ್ತದೆ.

ಬಗೆಹರಿಯದ್ದು ವಿಳಾಸದ ಪ್ರಶ್ನೆ. ಫೈಲ್ ಎಲ್ಲಿರಬೇಕು? ಆ ಹೊತ್ತಿಗೆ ಓಡುತ್ತಿರುವ ಪ್ರಾಸೆಸ್‌ನ ರೂಟ್, ಅಂದರೆ ಅದಕ್ಕೆ ಕಾಣುವ ಫೋಲ್ಡರ್‌ಗಳ ಬುಡ, ಯಾವುದೋ ಅಲ್ಲಿಂದಲೇ ಕರ್ನೆಲ್ ಹಾದಿ ಹುಡುಕುತ್ತದೆ. ತನ್ನದೇ ಬೇರೆ ರೂಟ್ ಇರುವ ಕಂಟೈನರ್ ಒಳಗಿನ ಪ್ರಾಸೆಸ್ ಕರೆದರೆ ಅದೇ ಹೆಸರಿನಲ್ಲಿ ಬೇರೆಯೇ ಫೈಲ್ ಸಿಕ್ಕೀತು. ಬೂಟ್ ಆಗುವ ಆರಂಭದಲ್ಲಿ ಫೈಲ್ ಇರಬೇಕಾದ ಡಿಸ್ಕ್ ಮೌಂಟ್ ಕೂಡ, ಅಂದರೆ ಬಳಕೆಗೆ ಜೋಡಣೆ ಕೂಡ, ಆಗಿರುವುದಿಲ್ಲ. ಡ್ರೈವರ್‌ಗೆ ಇದೆಲ್ಲ ತಿಳಿಯುವ ಬಗೆಯೇ ಇಲ್ಲ.

ಹಳೆಯ ಕಾಲದ ಇನ್ನೊಂದು ಅಪಾಯದ ಕಥೆಯೂ ಉಂಟು. ರೈಟ್ ಕರೆಗೆ ಕೊಡುವ ಬಫರ್, ಅಂದರೆ ಬರೆಯಬೇಕಾದ ಮಾಹಿತಿ ಇರುವ ಜಾಗ, ಬಳಕೆದಾರರ ಮೆಮೊರಿಯಲ್ಲೇ ಇದೆಯೇ ಎಂದು ಕರ್ನೆಲ್ ಪರೀಕ್ಷಿಸುತ್ತದೆ. ಡ್ರೈವರ್‌ನ ಬಫರ್ ಇರುವುದು ಕರ್ನೆಲ್ ಮೆಮೊರಿಯಲ್ಲಿ. ಹೀಗಾಗಿ ಸೆಟ್ ಎಫ್‌ಎಸ್ ಎಂಬ ಕರೆಯಿಂದ ಆ ಗಡಿಯನ್ನೇ ಕ್ಷಣಕಾಲ ತೆಗೆದು, ಬರೆದು, ಮತ್ತೆ ಹಾಕುವ ರೂಢಿಯಿತ್ತು. ನಡುವೆ ಕರ್ನೆಲ್ ಮುಗ್ಗರಿಸಿದರೆ? 2010ರಲ್ಲಿ ಬಯಲಾದ ದೋಷ ಇದೇ. ಗಡಿ ತೆರೆದಿರುವಾಗಲೇ ಪ್ರಾಸೆಸ್ ಸಾಯುತ್ತಿತ್ತು. ಸಾಯುವಾಗ ಅದು ಮೊದಲೇ ಸೂಚಿಸಿದ್ದ ವಿಳಾಸದಲ್ಲಿ ಕರ್ನೆಲ್ ಸೊನ್ನೆ ಬರೆಯುತ್ತಿತ್ತು. ಆ ವಿಳಾಸ ಕರ್ನೆಲ್‌ನದೇ ಆಗಿದ್ದರೂ ತಡೆಯುವವರಿಲ್ಲ! ದಾಳಿಕೋರನಿಗೆ ಅಷ್ಟು ಸಾಕು. 2020ರ ಡಿಸೆಂಬರ್‌ನಲ್ಲಿ ಬಂದ ಲಿನಕ್ಸ್ 5.10ರಲ್ಲಿ ಇಂಟೆಲ್, ಎಎಂಡಿ ಮಾದರಿಯ ಎಕ್ಸ್86 ಯಂತ್ರಗಳ ಮಟ್ಟಿಗೆ ಈ ತಂತ್ರ ಇಲ್ಲವಾಯಿತು. ತಡವಾಯಿತೆಂದೇ ನನ್ನ ಅನಿಸಿಕೆ.

ಹಾಗಾದರೆ ಅಂಕಿಗಳು ಹೊರಬರುವುದು ಹೇಗೆ? ಡ್ರೈವರ್ ಒಂದು ಕ್ಯಾರೆಕ್ಟರ್ ಡಿವೈಸ್, ಅಂದರೆ ಫೈಲಿನಂತೆಯೇ ಓದಬಹುದಾದ ಕಿಂಡಿ, ತೆರೆದಿಡಲಿ. ಸಾಮಾನ್ಯ ಪ್ರೋಗ್ರಾಂ ಒಂದು ಅದನ್ನು ಓದಿ ಬೇಕಾದ ಕಡೆ ಬರೆದುಕೊಳ್ಳಲಿ. ಡಿಸ್ಕ್ ತುಂಬಿದರೆ ಸೋಲುವುದು ಆ ಪ್ರೋಗ್ರಾಂ ಮಾತ್ರ. ದೋಷ ಹುಡುಕಲು ಡ್ರೈವರ್‌ನ ಒಳಮಾಹಿತಿ ತೋರಿಸುವ ಡೀಬಗ್ ಎಫ್‌ಎಸ್ ಇದೆ, ಸಾಧನದೊಳಗೆ ಓಡುವ ಫರ್ಮ್‌ವೇರ್ ತರಿಸಲು ಪ್ರತ್ಯೇಕ ಕರೆಯೇ ಇದೆ.

‘ಪ್ರೋಗ್ರಾಂ ಕುಸಿದಾಗ ಅದರ ಮೆಮೊರಿಯ ಪ್ರತಿಯಾದ ಕೋರ್ ಡಂಪನ್ನು ಕರ್ನೆಲ್ ತಾನೇ ಬರೆಯುವುದಿಲ್ಲವೇ?’ ಎಂದು ನೀವು ಕೇಳಬಹುದು. ಬರೆಯುತ್ತದೆ. ಆದರೆ ಎಲ್ಲಿ, ಯಾವ ಹೆಸರಿನಲ್ಲಿ ಎಂಬುದನ್ನು ಕೋರ್ ಪ್ಯಾಟರ್ನ್ ಎಂಬ ಸೆಟ್ಟಿಂಗ್ ಮೂಲಕ ನಿರ್ಧರಿಸುವುದು ಯಂತ್ರದ ಆಡಳಿತಗಾರರು. ಅದರ ಮೊದಲ ಅಕ್ಷರ ಪೈಪ್ ಚಿಹ್ನೆಯಾಗಿದ್ದರೆ ಕರ್ನೆಲ್ ಫೈಲನ್ನು ಬರೆಯುವುದೇ ಇಲ್ಲ; ಅಲ್ಲಿ ಹೆಸರಿಸಿದ ಪ್ರೋಗ್ರಾಂಗೆ ಡಂಪನ್ನು ಒಪ್ಪಿಸಿಬಿಡುತ್ತದೆ.