ಶಿಕ್ಷಣ ಸಾಲದ ಸುಸ್ತಿ ಮತ್ತು ಕಟ್ಟೆಯ ಮೇಲೆ ಕುಳಿತ ಏಜೆಂಟ್
(ಬಾಗಲಕೋಟೆಯಲ್ಲಿ ಪಾಲಕರು ಮತ್ತು ಪದವೀಧರರ ಸಭೆಯಲ್ಲಿ ನೀಡಿದ ಉಪನ್ಯಾಸ)

ಪಾಲಕರೇ, ಓದು ಮುಗಿಸಿ ಕೆಲಸ ಹುಡುಕುತ್ತಿರುವ ಮಕ್ಕಳೇ,

ನಾನು ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದವನು. ಶಿಕ್ಷಣ ಸಾಲ ಮಂಜೂರು ಮಾಡಿದ ಕೈಯಿಂದಲೇ ಸುಸ್ತಿಯಾದ ಕಡತಗಳನ್ನು ವಸೂಲಿ ಏಜೆನ್ಸಿಗೆ ಒಪ್ಪಿಸುವ ಪತ್ರಗಳಿಗೂ ಸಹಿ ಹಾಕಿದ್ದೇನೆ. ಇಂದು ಮೇಜಿನ ಈ ಕಡೆ ಬಂದು ಕುಳಿತು ಮಾತನಾಡುತ್ತಿದ್ದೇನೆ, ಅಷ್ಟೇ.

ರಬಕವಿ-ಬನಹಟ್ಟಿ ಕಡೆಯ ನೇಕಾರರೊಬ್ಬರು ಒಮ್ಮೆ ನನ್ನ ಬಳಿ ಬಂದಿದ್ದರು. ಮಗನ ಎಂಜಿನಿಯರಿಂಗ್ ಓದಿಗೆ ಮಾಡಿದ ಸಾಲ ಅದು. ಏಜೆಂಟ್ ಮನೆಯೊಳಗೆ ಕಾಲಿಡಲಿಲ್ಲವಂತೆ. ಓಣಿಯ ಕಟ್ಟೆಯ ಮೇಲೆ ಕುಳಿತು, ಹೋಗಿ ಬರುವವರಿಗೆಲ್ಲ ಕೇಳುವಂತೆ ಬಾಕಿಯ ಮೊತ್ತ ಹೇಳಿದನಂತೆ. "ಬೈದಿದ್ದರೆ ಸಹಿಸುತ್ತಿದ್ದೆ ಸಾಹೇಬರೇ, ಮಂದಿಯ ಮುಂದೆ ಲೆಕ್ಕ ಒದರಿದ" ಎಂದರು. ಆ ಏಜೆಂಟ್‌ಗೆ ತನ್ನ ಕಸುಬು ಗೊತ್ತಿತ್ತು. ಜಪ್ತಿ ಮಾಡುವ ಅಧಿಕಾರ ಅವನಿಗಿಲ್ಲ, ಬಂಧಿಸುವ ಅಧಿಕಾರವೂ ಇಲ್ಲ. ಅವನು ದುಡಿಸಿಕೊಳ್ಳುವುದು ನಮ್ಮ ಮರ್ಯಾದೆಯ ಭಯವನ್ನು.

ಸಾಲ ಇಷ್ಟು ಬೆಳೆದದ್ದು ಹೇಗೆ ಎಂದು ಅವರಿಗೂ ತಿಳಿದಿರಲಿಲ್ಲ. ನೀವೂ ಲೆಕ್ಕ ಹಾಕಿ ನೋಡಿ. ನಾಲ್ಕು ವರ್ಷದ ಓದಿಗೆ ಪ್ರತಿ ವರ್ಷದ ಆರಂಭದಲ್ಲಿ 1 ಲಕ್ಷದಂತೆ 4 ಲಕ್ಷ, ಬಡ್ಡಿ ಶೇಕಡ 10 ಎಂದಿಟ್ಟುಕೊಳ್ಳಿ. ಓದಿನ ಅವಧಿ ಮತ್ತು ಆಮೇಲಿನ ಒಂದು ವರ್ಷ ಕಂತು ಇರುವುದಿಲ್ಲ, ಆದರೆ ಬಡ್ಡಿ ನಿಂತಿರುವುದಿಲ್ಲ. ಸರಳ ಬಡ್ಡಿಯಲ್ಲೇ ಮೊದಲ ಲಕ್ಷಕ್ಕೆ 50 ಸಾವಿರ, ನಂತರದವಕ್ಕೆ 40, 30, 20 ಸಾವಿರ. ಮೊದಲ ಕಂತು ಕಟ್ಟುವ ದಿನ ಸಾಲ 5 ಲಕ್ಷ 40 ಸಾವಿರ. ಹತ್ತು ವರ್ಷಕ್ಕೆ ಹಂಚಿದರೆ ತಿಂಗಳಿಗೆ ಸುಮಾರು 7,100 ರೂಪಾಯಿ. ಬೆಂಗಳೂರಿನಲ್ಲಿ ಹದಿನೆಂಟು ಸಾವಿರ ಸಂಬಳದ ಹುಡುಗ ಕೋಣೆಯ ಬಾಡಿಗೆ ಕೊಟ್ಟು ಇದನ್ನು ಕಟ್ಟುವುದು ಹೇಗೆ? ವಾರ್ಷಿಕ ಆದಾಯ 4.5 ಲಕ್ಷದೊಳಗಿನ ಕುಟುಂಬಗಳಿಗೆ ಈ ಅವಧಿಯ ಬಡ್ಡಿಗೆ ಕೇಂದ್ರದ ಸಹಾಯಧನವಿದೆ. ಓದು ನಡೆಯುತ್ತಿರುವಾಗಲೇ ಆದಾಯ ಪ್ರಮಾಣಪತ್ರ ಕೊಟ್ಟು ಅದನ್ನು ಪಡೆಯಬೇಕು. ಎಷ್ಟೋ ಶಾಖೆಗಳಲ್ಲಿ ಈ ಮಾತನ್ನು ಯಾರೂ ಎತ್ತುವುದಿಲ್ಲ. ನಾನೂ ಎಲ್ಲರಿಗೂ ಹೇಳಿದ್ದೆ ಎಂದು ಎದೆ ತಟ್ಟಿಕೊಳ್ಳಲಾರೆ.

ಕಂತು 90 ದಿನ ಮೀರಿ ಬಾಕಿ ಉಳಿದರೆ ಖಾತೆ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ವಸೂಲಾಗದೆ ನಿಂತ ಸಾಲ, ಆಗುತ್ತದೆ. ಫೋನುಗಳು ಜೋರಾಗುವುದು ಸಾಮಾನ್ಯವಾಗಿ ಈ ಹೊತ್ತಿಗೆ. ರಿಸರ್ವ್ ಬ್ಯಾಂಕ್ 2022ರ ಆಗಸ್ಟ್‌ನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ ಬಾಕಿ ಕೇಳಲು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ. ಬೆದರಿಸುವಂತಿಲ್ಲ, ನಾಲ್ಕು ಜನರೆದುರು ಅವಮಾನಿಸುವಂತಿಲ್ಲ, ಬಂಧುಗಳನ್ನೂ ಗೆಳೆಯರನ್ನೂ ಕಾಡುವಂತಿಲ್ಲ. ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬೇಡಿ. ಶಿಕ್ಷಣ ಸಾಲದಲ್ಲಿ ತಂದೆ ಅಥವಾ ತಾಯಿ ಸಾಮಾನ್ಯವಾಗಿ ಸಹ ಸಾಲಗಾರರು. ಅವರಿಗೆ ಕರೆ ಬಂದರೆ ಅದು ತಪ್ಪಲ್ಲ. ಸೋದರಮಾವನಿಗೋ ಪಕ್ಕದ ಮನೆಯವರಿಗೋ ಕರೆ ಹೋದರೆ ತಪ್ಪು.

ಏಜೆಂಟ್ ಬಂದರೆ ಮೊದಲು ಗುರುತಿನ ಚೀಟಿ ಮತ್ತು ಬ್ಯಾಂಕಿನ ಅಧಿಕಾರ ಪತ್ರ ಕೇಳಿ. ಎರಡೂ ಇಲ್ಲದವನ ಜೊತೆ ಮಾತೇ ಬೇಡ. ಎರಡೂ ಇದ್ದವನಿಗೆ ಕುಡಿಯಲು ನೀರು ಕೊಡಿ, ಆದರೆ ನಗದು ಕೊಡಬೇಡಿ, ಅವನ ಮೊಬೈಲ್ ಸಂಖ್ಯೆಗೂ ಹಣ ಹಾಕಬೇಡಿ. ಹಣ ಹೋಗಬೇಕಾದದ್ದು ಸಾಲದ ಖಾತೆಗೆ. ಖಾಲಿ ಚೆಕ್‌ಗೆ ಸಹಿ ಹಾಕಿ ಕೊಡುವುದಂತೂ ಬೇಡವೇ ಬೇಡ. ಸಾಲ ಕಟ್ಟಲಾಗದಿರುವುದು ಅಪರಾಧವಲ್ಲ, ಅದು ಸಿವಿಲ್ ವ್ಯಾಜ್ಯ. ಆದರೆ ಚೆಕ್ ಅಮಾನ್ಯವಾದರೆ ಅದು ಕ್ರಿಮಿನಲ್ ಪ್ರಕರಣವಾಗಬಲ್ಲದು. ಬಡತನದಿಂದ ಸಾಲ ತೀರಿಸಲಾಗದವನನ್ನು ಜೈಲಿಗೆ ಕಳಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1980ರಲ್ಲಿಯೇ ಹೇಳಿದೆ. "ನಾಳೆ ಪೊಲೀಸರು ಬರುತ್ತಾರೆ" ಎನ್ನುವ ಕರೆ ಬಂದರೆ ಅದನ್ನು ರೆಕಾರ್ಡ್ ಮಾಡಿಟ್ಟುಕೊಳ್ಳಿ.

2025ರಲ್ಲಿ ನಮ್ಮ ರಾಜ್ಯ ತಂದ ಕಿರುಸಾಲ ಕಾನೂನನ್ನು ಹಲವರು ನನಗೆ ತೋರಿಸುತ್ತಾರೆ. ಅದು ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಬ್ಯಾಂಕುಗಳಿಗೆ ಅನ್ವಯಿಸುವುದಿಲ್ಲ. ಅದನ್ನು ನಂಬಿ ಸುಮ್ಮನೆ ಕೂರಬೇಡಿ.

ಕೋರ್ಟಿನಲ್ಲಿ ಬ್ಯಾಂಕಿನ ಪರವಾಗಿ ಡಿಕ್ರಿ, ಅಂದರೆ ವಸೂಲಿಯ ತೀರ್ಪು, ಆದರೂ ಎಲ್ಲವನ್ನೂ ಹೊತ್ತೊಯ್ಯಲಾಗದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನ ಪ್ರಕಾರ ಅಡುಗೆ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಉಪಕರಣ, ರೈತನ ಬೇಸಾಯದ ಸಲಕರಣೆ ಜಪ್ತಿಗೆ ಒಳಪಡುವುದಿಲ್ಲ. ಸಂಬಳದಲ್ಲಿಯೂ ಮೊದಲ ಸಾವಿರ ರೂಪಾಯಿ ಮತ್ತು ಉಳಿದುದರ ಮೂರರಲ್ಲಿ ಎರಡು ಪಾಲು ನಿಮ್ಮದೇ. ಇದನ್ನು ಕೇಳಿದಾಗ ಆ ನೇಕಾರರು ಮೊದಲು ಕೇಳಿದ್ದು ಕೈಮಗ್ಗದ ಬಗ್ಗೆ.

ಹಾಗಾದರೆ ಮಾಡುವುದೇನು? ಬ್ಯಾಂಕಿಗೆ ಪತ್ರ ಬರೆಯುವುದು. ಫೋನಿನಲ್ಲಿ ಅತ್ತದ್ದು, ಗೋಗರೆದದ್ದು ಕಡತದಲ್ಲಿ ಉಳಿಯುವುದಿಲ್ಲ. ಸಂಬಳದ ಚೀಟಿ ಲಗತ್ತಿಸಿ, ತಿಂಗಳಿಗೆ ಇಷ್ಟು ಕಟ್ಟಬಲ್ಲೆ, ಅವಧಿ ವಿಸ್ತರಿಸಿ ಎಂದು ಬರೆದು, ನಕಲಿನ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಕಿರುಕುಳದ ದೂರಿದ್ದರೆ ಅದನ್ನು ಬೇರೆ ಪತ್ರದಲ್ಲಿ ಬರೆಯಿರಿ. 30 ದಿನದೊಳಗೆ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ (ಒಂಬುಡ್ಸ್‌ಮನ್) ಶುಲ್ಕವಿಲ್ಲದೆ ದೂರು ಕೊಡಬಹುದು.

ಬ್ಯಾಂಕಿನವರು ಸಾಲ ಬಾಕಿಯಿದೆ ಎಂದು ಒಪ್ಪಿಕೊಳ್ಳುವ ಪತ್ರಕ್ಕೆ ಸಹಿ ಕೇಳಿದರೆ ಓದಿಯೇ ಹಾಕಿ. ಬ್ಯಾಂಕು ದಾವೆ ಹೂಡಲು ಮೂರು ವರ್ಷದ ಕಾಲಮಿತಿಯಿದೆ. ಅವಧಿ ಮುಗಿಯುವ ಮೊದಲು ನೀವು ಸಹಿ ಹಾಕಿದರೆ ಆ ದಿನದಿಂದ ಮತ್ತೆ ಮೂರು ವರ್ಷ. ನಾವು ಆ ಸಹಿಯನ್ನು ಚಹಾ ಕುಡಿಸಿ ಪಡೆಯುತ್ತಿದ್ದೆವು. ಸಹಿ ಹಾಕಬೇಡಿ ಎನ್ನುತ್ತಿಲ್ಲ. ಹಾಕುವುದೇ ಆದರೆ ಅವಧಿ ವಿಸ್ತರಣೆಯ ಆದೇಶವನ್ನೂ ಅದರ ಜೊತೆಗೇ ಕೇಳಿ.

ಒಂದೇ ಗಂಟಿನಲ್ಲಿ ಕಡಿಮೆ ಮೊತ್ತಕ್ಕೆ ತೀರುವಳಿ ಮಾಡಿಕೊಂಡರೆ ಸಿಬಿಲ್ ದಾಖಲೆಯಲ್ಲಿ, ಅಂದರೆ ನಿಮ್ಮ ಸಾಲದ ಇತಿಹಾಸದಲ್ಲಿ, ಅದು ಪೂರ್ತಿ ತೀರಿಸಿದ ಸಾಲವೆಂದು ಕಾಣುವುದಿಲ್ಲ. ಮುಂದೆ ಮನೆ ಸಾಲಕ್ಕೆ ಹೋದಾಗ ಅದು ಅಡ್ಡ ಬರುತ್ತದೆ. ಆದರೂ ಕೆಲವರಿಗೆ ಅದೇ ದಾರಿ. ಅಂಥವರು ಲೋಕ ಅದಾಲತ್‌ನಲ್ಲಿ ರಾಜಿಯಾಗುವುದು ಒಳ್ಳೆಯದು. ಅಲ್ಲಿನ ತೀರ್ಪಿನ ಮೇಲೆ ಮೇಲ್ಮನವಿ ಇಲ್ಲ, ಬ್ಯಾಂಕಿಗೂ ಇಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ವಕೀಲರ ನೆರವು ಉಚಿತ. ಸಹಾಯವಾಣಿ 15100.

ಆ ನೇಕಾರರ ಮಗನಿಗೆ ಕಂತು 4,900ಕ್ಕೆ ಇಳಿಯಿತು, ಅವಧಿ ಬೆಳೆಯಿತು. ಕಟ್ಟೆಯ ಮೇಲೆ ಕುಳಿತವನು ಮತ್ತೆ ಬರಲಿಲ್ಲ. ಈಗ ನೋಟಿಸ್ ತಂದಿರುವವರು ಮುಂದಿನ ಸಾಲಿಗೆ ಬನ್ನಿ. ಕನ್ನಡಕ ಹಾಕಿಕೊಳ್ಳುತ್ತೇನೆ, ಒಂದೊಂದಾಗಿ ಓದೋಣ.